ಬಿಸಿ ರೊಟ್ಟಿ ವಿಮಾನ ಹತ್ತೋದಿಲ್ಲ

ನಮಸ್ಕಾರ್ರೀ. ಹಿಂದೆ ಟಪ ಟಪ ಅಂತ ಸದ್ದು ಬರ್ತಿದ್ರೆ ಮೈಕ್ ಕೆಟ್ಟಿದೆ ಅಂದ್ಕೋಬೇಡಿ. ಕೊಪ್ಪಳದಲ್ಲಿ ನಮ್ಮನೆ ಪಡಸಾಲೆಯಲ್ಲಿ ಕೂತಿದ್ದೀನಿ, ಒಳಗೆ ಅವ್ವ ರೊಟ್ಟಿ ಬಡೀತಿದ್ದಾಳೆ. ಗವಿಮಠದ ಜಾತ್ರೆ ಬಂತಲ್ಲ. ದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಹೋಗುತ್ತೆ, ಅದರಲ್ಲಿ ನಮ್ಮದೂ ಒಂದು ಗಂಟು.

ಇದೇ ಸದ್ದಿಗೆ ನಾನು ಜರ್ಮನಿಯಲ್ಲಿ ಬೈಸಿಕೊಂಡಿದ್ದೆ.

ಲೈಪ್‌ಜಿಗ್‌ನಲ್ಲಿ ಮೊದಲನೇ ಚಳಿಗಾಲ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೆಲ್ಲಾ ಹೊತ್ತು ಮುಳುಗುತ್ತೆ. ಬಿಸಿಲೂರಿನವನಿಗೆ ಅದೊಂದೇ ಸಾಕಿತ್ತು ಮಂಕು ಹಿಡಿಯೋಕೆ. ಅದಕ್ಕೆ ಏನು ಮಾಡಿದೆ? ಇಡೀ ಕೊಪ್ಪಳವನ್ನೇ ಆ ಒಂದು ರೂಮಿಗೆ ತುಂಬಿಸೋಕೆ ಹೊರಟೆ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ರಾತ್ರಿ ಬಿಸಿ ರೊಟ್ಟಿ, ದಿನಕ್ಕೆರಡು ಸಲ ಅವ್ವನಿಗೆ ಫೋನು. ಮಿರ್ಚಿ ಕರಿದ ದಿನ ಚಾವಣಿಯ ಹೊಗೆ ಅಲಾರಾಂ ಹೊಡ್ಕೊಂಡಿದ್ದನ್ನ ಬಿಡಿ, ಅದು ಬೇರೆ ಕಥೆ.

ಒಂದು ರಾತ್ರಿ ಹತ್ತೂಕಾಲಿಗೆ ಹಿಟ್ಟಿಗೆ ಎಸರು ಹಾಕಿ, ನಾದಿ, ಬಡಿಯೋಕೆ ಶುರು ಮಾಡಿದೆ. ಗಾಜಿನ ಒಲೆ, ಕೆಂಡವೂ ಇಲ್ಲ, ಉರಿಯೂ ಇಲ್ಲ. ರೊಟ್ಟಿ ಉಬ್ಬೋ ಮಾತೇ ಇಲ್ಲ. ಆದರೂ ಹಟ. ಮೂರನೇ ರೊಟ್ಟಿಗೆ ಕೆಳಗಿನ ಮನೆ ಅಜ್ಜಿ ಬಾಗಿಲು ತಟ್ಟಿದರು. ಅಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗದ್ದಲ ಮಾಡೋ ಹಾಗಿಲ್ಲ. ಗೋಡೆಗೆ ಮೊಳೆ ಹೊಡೀತಿದ್ದೀನಿ ಅಂದ್ಕೊಂಡಿದ್ದರಂತೆ. ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ ತೋರಿಸಿದೆ. ಪೊಲೀಸರಿಗೆ ಶರಣಾದವನ ಥರ.

ಹೊರದೇಶಕ್ಕೆ ಹೋಗೋರಿಗೆ ಜನ ಎರಡು ಥರದ ಬುದ್ಧಿ ಹೇಳ್ತಾರೆ. ಒಬ್ಬರು, "ನಮ್ಮೋರ ಸಹವಾಸಾನೇ ಬ್ಯಾಡ, ಎಲ್ಲಾ ಹೊಸಾದು ಕಲಿ" ಅಂತಾರೆ. ಇನ್ನೊಬ್ಬರು, "ನಮ್ಮತನ ಬಿಡಬ್ಯಾಡೋ ತಮ್ಮಾ" ಅಂತಾರೆ. ಎರಡನ್ನೂ ಅರ್ಧರ್ಧ ಮಾಡ್ಕೋ ಅನ್ನೋರೂ ಇದ್ದಾರೆ, ರೂಢಿ ಅನ್ನೋದು ತಕ್ಕಡೀಲಿ ತೂಗೋ ಶೇಂಗಾ ಅನ್ನೋ ಹಾಗೆ. ನನಗೆ ಇದ್ಯಾವುದೂ ಹೊಂದಲಿಲ್ಲ. ನಾನು ಕೇಳೋದು ಒಂದೇ: ಈ ರೂಢಿ ಒಣಗುತ್ತಾ?

ಬಿಸಿ ರೊಟ್ಟಿಗೆ ಅದೇ ಹೊತ್ತು, ಅದೇ ಒಲೆ, ಅದೇ ಕೈ ಬೇಕು. ಖಡಕ್ ರೊಟ್ಟಿ ಹಾಗಲ್ಲ. ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತೆ, ಹಸಿವಾದಾಗ ಮುರ್ಕೊಂಡು ತಿನ್ನಬಹುದು. ಆಮೇಲಿಂದ ಶನಿವಾರ ಬೆಳಿಗ್ಗೆ ಒಂದು ಹದಿನೈದು ರೊಟ್ಟಿ ಮಾಡಿ ಒಣಗಿಸಿಡೋಕೆ ಶುರು ಮಾಡಿದೆ. ವಾರದ ಉಳಿದ ಸಂಜೆಗಳು ನನ್ನ ಕೈಗೆ ಬಂದವು. ಆಫೀಸಿನವರು ಕರೆದಾಗ "ಅಡುಗೆ ಐತಿ" ಅಂತ ತಪ್ಪಿಸ್ಕೊಳ್ಳೋ ನೆವ ಹೋಯ್ತು.

ಫೋನಿನದೂ ಅದೇ ಕಥೆ. ಅವ್ವ ಉಂಡು ಕೂರೋ ರಾತ್ರಿ 9 ಅಂದ್ರೆ ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆ. ಮಾರ್ಚ್ ಕೊನೇ ಭಾನುವಾರ ಗಡಿಯಾರ ಒಂದು ತಾಸು ಮುಂದಕ್ಕೆ ಹಾಕ್ತಾರೆ, ಆಗ ಅದು ಐದೂವರೆ. "ನಿಮ್ಮೂರಾಗ ಹೊತ್ತನ್ನೂ ತಿರುವಿಡ್ತಾರೇನ?" ಅಂತ ಅವ್ವ ನಕ್ಕಿದ್ದೇ ನಕ್ಕಿದ್ದು. ದಿನಾ ಎರಡು ಸಲ "ಉಂಡೆ? ಹ್ಞೂಂ, ಉಂಡೆ" ಅನ್ನೋದು ಬಿಟ್ಟು, ಭಾನುವಾರ ಒಂದು ತಾಸು ಕೂತು ಮಾತಾಡ್ತೀವಿ. ಭಾನುವಾರ ಅಲ್ಲಿ ಅಂಗಡಿ ಹೆಚ್ಚುಕಮ್ಮಿ ಎಲ್ಲಾ ಬಂದ್. ಆ ರಜೆಗೆ ಅವರ ಸಂವಿಧಾನದಲ್ಲೇ ರಕ್ಷಣೆ ಇದೆ, 1919ರಿಂದ. ನನಗೆ ಅದು ಅನುಕೂಲವೇ ಆಯ್ತು.

ಒಣಗದ ರೂಢಿಗಳೂ ಇದ್ದವು, ಸುಳ್ಳು ಯಾಕೆ ಹೇಳಲಿ. ಜಾತ್ರೆ ತೇರನ್ನ ಎರಡು ವರ್ಷ ಮೊಬೈಲ್‌ನಲ್ಲಿ ನೋಡಿದೆ. ಅದು ನೋಡಿದ್ದಲ್ಲ. ಅದಕ್ಕೇ ಈ ಸಲ ರಜೆ ಹಾಕಿ ಬಂದೆ.

ಆ ಅಜ್ಜಿಗೆ ಒಂದಿನ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ ಒಯ್ದು ಕೊಟ್ಟೆ. ಹಿಂಡಿ ಪಕ್ಕಕ್ಕೆ ಸರಿಸಿ, ರೊಟ್ಟಿಗೆ ಬೆಣ್ಣೆ ಸವರಿ, "ಓ, ಕ್ನೆಕೆಬ್ರೋಟ್" ಅಂದರು. ಅದು ಅಲ್ಲಿನ ಗರಿಗರಿ ಒಣ ಬ್ರೆಡ್ಡು. ಆಮೇಲೆ ತಮ್ಮ ರಾತ್ರಿ ಊಟಕ್ಕೆ ಕೂರಿಸಿಕೊಂಡರು: ತಣ್ಣನೆ ಬ್ರೆಡ್ಡು, ಚೀಸು, ಸೌತೆಕಾಯಿ, ಒಲೆ ಹಚ್ಚೋ ಮಾತೇ ಇಲ್ಲ. ಗಂಟೆ ಆರೂವರೆ. ಇದೂ ಒಂದು ಊಟಾನಾ ಅನ್ನಿಸಿತ್ತು ಆವತ್ತು.

ನಿನ್ನೆ ಇಲ್ಲಿ ಸಂಜೆ ಆರೂವರೆಗೆ ಅಡುಗೆಮನೆಗೆ ಹೋಗಿ, ದಾಸೋಹದ ಗಂಟಿನಿಂದ ಒಂದು ರೊಟ್ಟಿ ಎಳೆದು, ಸೌತೆಕಾಯಿ ಹೆಚ್ಕೊಂಡು ನಿಂತೇ ತಿಂತಿದ್ದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಇದ್ಯಾವ ಹೊತ್ತಿನ ಹಸಿವೋ ತಮ್ಮಾ ನಿಂದು?"