25ರ ಗಂಟು, 70ರ ಗಂಟು

ನಮಸ್ಕಾರ. ಥೈರಾಯ್ಡ್ ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ಕೂಡಲೇ ಮನೆಯವರ ಬಾಯಲ್ಲಿ ಬರುವ ಮಾತು ರೋಗಿಯ ವಯಸ್ಸಿನ ಮೇಲೆ ನಿಂತಿರುತ್ತದೆ. ಚಿಕ್ಕವರಾದರೆ, "ಬಾಳಿ ಬದುಕಬೇಕಾದವರು, ಗ್ರಂಥಿ ಪೂರ್ತಿ ತೆಗೆಸಿಬಿಡಿ." ಹಿರಿಯರಾದರೆ, "ಈ ವಯಸ್ಸಲ್ಲಿ ಆಪರೇಷನ್ ಯಾಕೆ?" ಎರಡೂ ಅಕ್ಕರೆಯ ಮಾತೇ. ಆದರೆ ಈ ರೋಗದಲ್ಲಿ ಎಷ್ಟೋ ಸಲ ಎರಡೂ ತಲೆಕೆಳಗು.

ಸ್ಟೇಜ್ ಲೆಕ್ಕವನ್ನೇ ನೋಡಿ. ಥೈರಾಯ್ಡ್‌ನಲ್ಲಿ ಅತಿ ಹೆಚ್ಚು ಕಾಣುವ ಪ್ಯಾಪಿಲ್ಲರಿ ಕ್ಯಾನ್ಸರ್, 55 ತುಂಬದವರಲ್ಲಿ ಶ್ವಾಸಕೋಶಕ್ಕೆ ಹರಡಿದ್ದರೂ ಎರಡನೇ ಸ್ಟೇಜ್. ಅದರ ಮೇಲಿನ ಸ್ಟೇಜೇ ಅವರಿಗಿಲ್ಲ. 60ರವರಲ್ಲಿ ಅದೇ ನಾಲ್ಕನೆಯದು. ಮೊದಲು ಈ ಗೆರೆ 45ಕ್ಕಿತ್ತು, 2018ರಿಂದ 55ಕ್ಕೆ ಸರಿಯಿತು. ಸರಿಸಿದ್ದು ಒಳ್ಳೆಯದೇ ಆಯಿತು. ಆದರೆ ಗಡ್ಡೆಗೆ ಹುಟ್ಟುಹಬ್ಬ ಗೊತ್ತಿಲ್ಲ. ಅಪಾಯ ವಯಸ್ಸಿನ ಜತೆ ಮೆಲ್ಲಗೆ ಏರುತ್ತದೆ.

ತೀರ ಪುಟ್ಟ ಗಡ್ಡೆಗಳ ಕಥೆ ಇದಕ್ಕೆ ಉಲ್ಟಾ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ ಡಾ. ಅಕಿರಾ ಮಿಯಾವುಚಿ ಅವರ ಸಲಹೆಯಂತೆ 1993ರಿಂದ, ಒಂದು ಸೆಂಟಿಮೀಟರ್ ಒಳಗಿನ, ಅಪಾಯ ಕಡಿಮೆಯಿರುವ ಗಡ್ಡೆಗಳನ್ನು ಕೊಯ್ಯದೆ ಅಲ್ಟ್ರಾಸೌಂಡ್‌ನಲ್ಲಿ ಗಮನಿಸುತ್ತಾ ಬಂದರು. ಹೆಚ್ಚಿನವು ವರ್ಷಗಟ್ಟಲೆ ಬೆಳೆಯಲೇ ಇಲ್ಲ. ಬೆಳೆದದ್ದು ಹೆಚ್ಚಾಗಿ 40ರೊಳಗಿನವರಲ್ಲಿ. 60 ದಾಟಿದವರಲ್ಲಿ ಬಹಳ ಕಡಿಮೆ. ಅಂದರೆ ಕಾದು ನೋಡಲು ಎಲ್ಲರಿಗಿಂತ ಸೂಕ್ತ ರೋಗಿ ಹಿರಿಯರೇ.

ಇದನ್ನು ಕೇಳಿ ಹಿರಿಯರಿಗೆ ಆಪರೇಷನ್ನೇ ಬೇಡ ಅಂದುಕೊಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ವಯಸ್ಸಾದವರ ಥೈರಾಯ್ಡ್‌ನಲ್ಲಿ ಗಂಟು ಸಾಮಾನ್ಯ, ಬಹುಪಾಲು ನಿರುಪದ್ರವಿ. ಕ್ಯಾನ್ಸರ್ ಆದಾಗ ಮಾತ್ರ ಅದು ಉಗ್ರ ಜಾತಿಯದಾಗುವ ಸಂಭವ ಹೆಚ್ಚು, ಕ್ಯಾನ್ಸರ್ ಕಣಗಳನ್ನು ಸುಡಲು ಕೊಡುವ ವಿಕಿರಣ ಔಷಧ ರೇಡಿಯೋ ಅಯೋಡಿನ್‌ಗೂ ಅಷ್ಟಾಗಿ ಬಗ್ಗುವುದಿಲ್ಲ. ಗಂಟು ಬೇಗ ಊದುತ್ತಿದೆ, ದನಿ ಗೊಗ್ಗರಾಗಿದೆ, ನುಂಗಲು ಕಷ್ಟ ಅಂದರೆ ಮುಂದೂಡಬೇಡಿ. ಗಂಟಿನಿಂದ ಕಣ ತೆಗೆದು ನೋಡುವ ಸೂಜಿ ಪರೀಕ್ಷೆ ಮಾಡಿಸಿ. ಆಪರೇಷನ್ ತಡೆದುಕೊಳ್ಳುತ್ತಾರೋ ಇಲ್ಲವೋ ಅನ್ನುವುದನ್ನು ಅವರ ಹೃದಯ, ಶ್ವಾಸಕೋಶ ಪರೀಕ್ಷಿಸಿ ಹೇಳಬೇಕು, ಆಧಾರ್ ಕಾರ್ಡಿನಂಥ ಕಾಗದದಲ್ಲಿರುವ ಜನ್ಮದಿನಾಂಕ ನೋಡಿ ಅಲ್ಲ.

ಚಿಕ್ಕವರಲ್ಲಿ ಕುತ್ತಿಗೆಯ ಲಿಂಫ್ ಗ್ರಂಥಿಗಳಿಗೆ ಹರಡಿರುವುದು ಮಾಮೂಲು, ಆದರೂ ಬಹುತೇಕರು ಚೆನ್ನಾಗಿ ಬದುಕುತ್ತಾರೆ. ಹರಡುವಿಕೆ ಜಾಸ್ತಿಯಿದ್ದರೆ ಪೂರ್ತಿ ಗ್ರಂಥಿ ತೆಗೆಯಬೇಕು, ಸರಿ. ಆದರೆ ನಾಲ್ಕು ಸೆಂಟಿಮೀಟರ್ ಮೀರದೆ ಒಂದೇ ಬದಿಯಲ್ಲಿದ್ದು, ಎಲ್ಲಿಗೂ ಹರಡದಿದ್ದರೆ, ಅರ್ಧ ತೆಗೆದರೂ ಸಾಕಾಗಬಹುದು ಎಂದು 2015ರ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಮಾರ್ಗಸೂಚಿಯೇ ಹೇಳಿದೆ. ಪೂರ್ತಿ ತೆಗೆದರೆ ಜೀವನಪೂರ್ತಿ ಥೈರಾಕ್ಸಿನ್ ಎಂಬ ಹಾರ್ಮೋನ್ ಮಾತ್ರೆ. ಥೈರಾಯ್ಡ್ ಹಿಂದಿದ್ದು ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪುಟ್ಟ ಗ್ರಂಥಿಗಳಾದ ಪ್ಯಾರಾಥೈರಾಯ್ಡ್‌ಗೆ ಪೆಟ್ಟಾದರೆ ಕ್ಯಾಲ್ಸಿಯಂ ಕುಸಿತ, ದನಿಯ ನರಕ್ಕೆ ಪೆಟ್ಟಾದರೆ ಮಾತೇ ಸೊರಗುತ್ತದೆ. 25ರ ಹುಡುಗಿ ಅದನ್ನು ಇನ್ನೂ ಐವತ್ತು ವರ್ಷ ಹೊರಬೇಕು.

ಹಿರಿಯರಿಗೆ ಆಪರೇಷನ್ ಆದ ಮೇಲೂ ಒಂದು ಮಾತು ಕೇಳಲೇಬೇಕು: ಥೈರಾಯ್ಡ್ ಕಣಗಳನ್ನು ಚುರುಕುಗೊಳಿಸುವ ಹಾರ್ಮೋನ್ ಆದ ಟಿಎಸ್‌ಎಚ್ ಎಷ್ಟಿರಬೇಕು? ಉಳಿದ ಕ್ಯಾನ್ಸರ್ ಬೆಳೆಯದಿರಲಿ ಎಂದು ಅದನ್ನು ತುಂಬಾ ಕೆಳಗಿಡಲು ಥೈರಾಕ್ಸಿನ್ ಜಾಸ್ತಿ ಕೊಟ್ಟರೆ ಹೃದಯದ ಬಡಿತ ತಪ್ಪಬಹುದು, ಮೂಳೆ ಸವೆಯಬಹುದು. ಅವರ ಡೋಸ್ ಅವರ ಕ್ಯಾನ್ಸರ್ ಎಷ್ಟು ಅಪಾಯದ್ದು ಅನ್ನುವುದಕ್ಕೆ ತಕ್ಕಂತಿದೆಯೇ ಎಂದು ಡಾಕ್ಟರನ್ನು ಕೇಳಿ.