ಟು ಲೆಟ್ ಬೋರ್ಡಿನಿಂದ ಶುರು: ಇಂಗ್ಲಿಷ್ ನಾಮಪದಗಳ ಬಾಲ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ವ್ಯಾಕರಣ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ನನಗೆ ತುಂಬಾ ಖುಷಿಯಾಗಿದೆ.

ಇಲ್ಲಿಗೆ ನಾನು ಗಾಂಧಿ ಬಜಾರ್ ಕಡೆಯಿಂದ ನಡೆದುಕೊಂಡು ಬಂದೆ. ದಾರಿಯಲ್ಲಿ ಎರಡು ಮನೆಗಳ ಗೇಟಿಗೆ ಬೋರ್ಡ್ ನೇತುಹಾಕಿದ್ದರು. ಒಂದರಲ್ಲಿ ‘ಹೌಸ್ ಟು ಲೆಟ್’ ಅಂತ ಇತ್ತು. ಇನ್ನೊಂದರಲ್ಲಿ ‘ಹೌಸ್ ಫಾರ್ ರೆಂಟ್’, ಅದರ ಕೆಳಗೆ ಕನ್ನಡದಲ್ಲಿ ‘ಮನೆ ಬಾಡಿಗೆಗೆ ಇದೆ’. ನಾನು ಇವತ್ತು ಹೇಳಬೇಕು ಅಂದುಕೊಂಡಿದ್ದೆಲ್ಲ ಈ ಮೂರು ಸಾಲಿನಲ್ಲೇ ಇದೆ.

‘ಹೌಸ್’ ನಾಮಪದ. ಮೊದಲ ಬೋರ್ಡಿನಲ್ಲಿ ಅದಕ್ಕೆ ‘ಟು ಲೆಟ್’ ಅನ್ನೋ ಬಾಲ ಅಂಟಿಕೊಂಡಿದೆ. ಲೆಟ್ ಅಂದರೆ ಇಲ್ಲಿ ‘ಬಾಡಿಗೆಗೆ ಕೊಡು’ ಅಂತ ಅರ್ಥ. ಹೀಗೆ ‘ಟು’ ಸೇರಿಸಿಕೊಂಡು ಬರುವ ಕ್ರಿಯಾಪದವನ್ನು ಇನ್ಫಿನಿಟಿವ್ ಅನ್ನುತ್ತಾರೆ. ಎರಡನೇ ಬೋರ್ಡಿನ ಬಾಲ ಬೇರೆ ಥರದ್ದು. ‘ಫಾರ್’ ಅನ್ನೋ ಪ್ರಿಪೊಸಿಷನ್, ಅಂದರೆ ನಾಮಪದದ ಮುಂಚೆ ಬಂದು ಸಂಬಂಧ ತೋರಿಸೋ ಪುಟ್ಟ ಪದ, ಅದರ ಜೊತೆ ‘ರೆಂಟ್’ ಅನ್ನೋ ಇನ್ನೊಂದು ನಾಮಪದ. ಕನ್ನಡದ ಸಾಲಿನಲ್ಲಿ ಈ ಎರಡರ ಕೆಲಸವನ್ನೂ ಒಂದೇ ಒಂದು ‘ಗೆ’ ಮಾಡಿಬಿಟ್ಟಿದೆ.

‘ಹೌಸ್ ಫಾರ್ ಟು ಲೆಟ್’ ಅಂತ ಬರೆದ ಬೋರ್ಡನ್ನೂ ಒಮ್ಮೆ ನೋಡಿದ್ದೇನೆ. ದಯವಿಟ್ಟು ಅದನ್ನು ನೋಡಿ ನಗಬೇಡಿ. 14ನೇ ಶತಮಾನದಲ್ಲಿ ಇಂಗ್ಲಿಷರೇ ‘ಫಾರ್ ಟು’ ಅಂತ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದರು. ಇವತ್ತಿನ ಬರವಣಿಗೆಯಲ್ಲಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು, ಅಷ್ಟೇ.

ಸರಿ, ಈ ‘ಟು’ ಎಲ್ಲಿಂದ ಬಂತು? ‘ಮೆಜೆಸ್ಟಿಕ್‌ಗೆ ಹೋಗು’ ಅನ್ನುವಾಗ ‘ಗೋ ಟು ಮೆಜೆಸ್ಟಿಕ್’ ಅನ್ನುತ್ತೀವಲ್ಲ, ಮೂಲದಲ್ಲಿ ಅದೇ ‘ಟು’ ಇದು. ಸುಮಾರು 1000 ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ‘ಟು’ ಬಂದರೆ ಕ್ರಿಯಾಪದದ ಕೊನೆಗೆ ಚತುರ್ಥಿ ವಿಭಕ್ತಿಯ ಪ್ರತ್ಯಯ ಹತ್ತುತ್ತಿತ್ತು. ಈಗ ನಮ್ಮ ‘ಮಾಡೋಕೆ’ಯನ್ನು ಬಿಡಿಸಿ ನೋಡಿ. ಮಾಡುವುದಕ್ಕೆ. ಮಾಡುವುದು, ಅದಕ್ಕೊಂದು ‘ಕ್ಕೆ’. ಅದೂ ಚತುರ್ಥಿಯೇ! ಎಲ್ಲೋ ದೂರದಲ್ಲಿ ಹುಟ್ಟಿದ ಆ ಭಾಷೆ, ಇಲ್ಲಿನ ಕನ್ನಡ, ಎರಡೂ ಒಂದೇ ಉಪಾಯ ಹುಡುಕಿಕೊಂಡಿವೆ. ಊರಿಗೆ ಹೋದ ಹಾಗೆ ಕೆಲಸದ ಕಡೆಗೂ ಹೋಗುವುದು. ಇದು ಮೊದಲ ಸಲ ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದು ಗೊತ್ತಿದ್ದರೆ ಅರ್ಧ ಕೆಲಸ ಸಲೀಸು. ‘ಟು’ ಮುಂದಕ್ಕೆ ಕೈ ತೋರಿಸುತ್ತೆ. ಹಾಗಾಗಿ ಇನ್ನೂ ಆಗದ ಕೆಲಸದ ಕಡೆ ನೋಡುವ ನಾಮಪದಗಳಿಗೆ ‘ಟು’ ಚೆನ್ನಾಗಿ ಹೊಂದುತ್ತೆ. ಪ್ಲಾನ್ ಟು ಗೋ, ಡಿಸಿಷನ್ ಟು ಲೀವ್, ಪ್ರಾಮಿಸ್ ಟು ಪೇ, ಅಟೆಂಪ್ಟ್ ಟು ಎಸ್ಕೇಪ್. ಯಾವುದೂ ಇನ್ನೂ ಆಗಿಲ್ಲ, ಎಲ್ಲವೂ ಮುಂದೆ ಆಗಬೇಕಾದ್ದು.

ಕನ್ನಡದವರಿಗೆ ಕಷ್ಟ ಶುರುವಾಗೋದು ಇಲ್ಲಿಂದಾಚೆಗೆ. ಓದೋ ಆಸೆ, ಓದೋ ಅಭ್ಯಾಸ, ಓದೋ ಆಸಕ್ತಿ. ನಮಗೆ ಮೂರಕ್ಕೂ ‘ಓದೋ’ ಒಂದೇ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಬಾಲ. ವಿಷ್ ಟು ರೀಡ್. ಹ್ಯಾಬಿಟ್ ಆಫ್ ರೀಡಿಂಗ್. ಇಂಟರೆಸ್ಟ್ ಇನ್ ರೀಡಿಂಗ್. ಆಸೆ ಮುಂದಿನದು, ಅದಕ್ಕೆ ‘ಟು’. ಅಭ್ಯಾಸ ಆಗಲೇ ನಡೆಯುತ್ತಿರೋದು, ಅದಕ್ಕೆ ‘ಆಫ್’. ಆಸಕ್ತಿ ಅಂದರೆ ಮನಸ್ಸು ಅದರ ಒಳಗೆ ಹೊಕ್ಕಿರೋದು, ಅದಕ್ಕೆ ‘ಇನ್’ ಅಂತ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ.

ನನ್ನ ಹತ್ತಿರ ಕಲಿಯೋಕೆ ಬರುತ್ತಿದ್ದ ಒಬ್ಬ ಹುಡುಗಿ ಒಂದು ಸಂದರ್ಶನದಲ್ಲಿ ‘ಐ ಹ್ಯಾವ್ ಇಂಟರೆಸ್ಟ್ ಟು ಲರ್ನ್’ ಅಂದಳಂತೆ. ಎದುರು ಕೂತವರು ಅಷ್ಟಕ್ಕೇ ಮುಖ ಸಿಂಡರಿಸಿದರಂತೆ. ಅವಳು ಮುಂದೆ ಬಾಯಿಯೇ ಬಿಡಲಿಲ್ಲ. ಅವಳು ‘ಕಲಿಯೋ ಆಸಕ್ತಿ’ಯನ್ನು ನೇರವಾಗಿ ಇಂಗ್ಲಿಷಿಗೆ ತಂದಿದ್ದಳು. ಅದು ದಡ್ಡತನ ಅಲ್ಲ. ತನ್ನ ಭಾಷೆಯ ನಿಯಮವನ್ನು ಅವಳು ಸರಿಯಾಗಿಯೇ ಪಾಲಿಸಿದ್ದಳು. ತಪ್ಪು ಎಲ್ಲಿಂದ ಹುಟ್ಟಿತು ಅಂತ ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಸಾಕಿತ್ತು. ಇವತ್ತು ನಾನು ಇಲ್ಲಿ ಮಾತಾಡುತ್ತಿರೋದಕ್ಕೆ ಅವಳೇ ಕಾರಣ.

ಈ ಮುಂದೆ–ಹಿಂದೆ ಲೆಕ್ಕ ಎಲ್ಲ ಕಡೆ ನಡೆಯುತ್ತಾ ಅಂದರೆ, ಇಲ್ಲ. ‘ಪಾಸಿಬಿಲಿಟಿ’ ಮುಂದಿನದೇ, ಆದರೂ ‘ಪಾಸಿಬಿಲಿಟಿ ಆಫ್ ಗೋಯಿಂಗ್’ ಅನ್ನಬೇಕು. ‘ಪಾಸಿಬಲ್ ಟು ಗೋ’ ಅನ್ನೋದು ಸರಿಯಾಗಿದ್ದರೂ ಇದು ಹೀಗೇ. ‘ಟೆಂಡೆನ್ಸಿ’ ಅಭ್ಯಾಸದ ತಂಗಿ ಇದ್ದ ಹಾಗೆ, ಆದರೆ ಅದಕ್ಕೆ ‘ಟು’. ಇಂಥವನ್ನು ನಾಮಪದದ ಜೊತೆಗೇ ಬಾಲ ಸೇರಿಸಿ ಬಾಯಿಪಾಠ ಮಾಡಿಕೊಳ್ಳುವುದೇ ದಾರಿ. ಮಗ್ಗಿ ಕಲಿಯಲಿಲ್ವಾ, ಹಾಗೆ.

‘ಚಾನ್ಸ್’ ಪದ ಮಾತ್ರ ಎರಡು ಬಾಲ ಇಟ್ಟುಕೊಂಡಿದೆ. ‘ಚಾನ್ಸ್ ಆಫ್ ರೇನ್’ ಅಂದರೆ ಮಳೆ ಬರೋ ಸಾಧ್ಯತೆ. ‘ಚಾನ್ಸ್ ಟು ಪ್ಲೇ’ ಅಂದರೆ ಆಡೋ ಅವಕಾಶ. ಇಲ್ಲಿ ಕನ್ನಡದ ಜಾಣತನ ನೋಡಿ. ‘ಮಳೆ ಬರೋ ಚಾನ್ಸ್ ಇದೆ’, ‘ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆಡೋ ಚಾನ್ಸ್ ಸಿಕ್ತು’. ಅವರು ಬಾಲದಲ್ಲಿ ತೋರಿಸೋ ವ್ಯತ್ಯಾಸವನ್ನು ನಾವು ‘ಇದೆ’, ‘ಸಿಕ್ತು’ ಅನ್ನೋದರಲ್ಲಿ ತೋರಿಸುತ್ತೇವೆ.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಈ ಮೇಜಿನ ಮೇಲೆ ನೋಡಿ. ಇದು ಬರೆಯೋ ಪೆನ್ನು. ಇದು ಬರೆಯೋ ಹಾಳೆ. ಇವತ್ತು ನನ್ನದು ಬರೆಯೋ ವಿಷಯ ಒಂದಿದೆ. ಮೂರಕ್ಕೂ ‘ಬರೆಯೋ’. ಆದರೆ ಪೆನ್ನನ್ನು ನಾವು ಬರೆಯೋದಿಲ್ಲ, ಪೆನ್ನಿನಿಂದ ಬರೆಯುತ್ತೇವೆ. ಹಾಳೆಯ ಮೇಲೆ ಬರೆಯುತ್ತೇವೆ. ವಿಷಯದ ಬಗ್ಗೆ ಬರೆಯುತ್ತೇವೆ. ಈ ಇಂದ, ಮೇಲೆ, ಬಗ್ಗೆ ಎಲ್ಲ ಎಲ್ಲಿ ಹೋದವು? ಕನ್ನಡ ಅವನ್ನು ನುಂಗಿಬಿಟ್ಟಿತು. ಪೆನ್ನು ಅಂದಮೇಲೆ ಅದರಿಂದಲೇ ಬರೆಯೋದು ಅಂತ ಕೇಳುವವರಿಗೆ ಗೊತ್ತೇ ಇರುತ್ತೆ, ಅಲ್ವಾ?

ಇಂಗ್ಲಿಷ್ ನುಂಗೋದಿಲ್ಲ. ಎ ಪೆನ್ ಟು ರೈಟ್ ವಿತ್. ಪೇಪರ್ ಟು ರೈಟ್ ಆನ್. ಎ ಟಾಪಿಕ್ ಟು ರೈಟ್ ಅಬೌಟ್. ಇನ್ಫಿನಿಟಿವ್ ಮುಗಿದ ಮೇಲೆ ಒಂದು ಪುಟ್ಟ ಪ್ರಿಪೊಸಿಷನ್ ಕೊನೆಯಲ್ಲಿ ಒಂಟಿಯಾಗಿ ನಿಂತಿರುತ್ತೆ. ನಮ್ಮವರು ಅದನ್ನೇ ಬಿಡುತ್ತಾರೆ. ‘ಎ ಹೌಸ್ ಟು ಲಿವ್’ ಅಂತ ನಿಲ್ಲಿಸಿಬಿಡುತ್ತಾರೆ. ‘ಇರೋಕೆ ಒಂದು ಮನೆ’ ಅನ್ನೋದರಲ್ಲಿ ‘ಅಲ್ಲಿ’ ಇಲ್ಲವಲ್ಲ, ಅದಕ್ಕೆ. ‘ಎ ಹೌಸ್ ಟು ಲಿವ್ ಇನ್’ ಅನ್ನಬೇಕು. ಕೂರೋ ಕುರ್ಚಿಗೆ ‘ಎ ಚೇರ್ ಟು ಸಿಟ್ ಆನ್’. ಮಾತಾಡೋಕೆ ಒಬ್ಬರು ಬೇಕು ಅಂದರೆ ‘ಸಂವನ್ ಟು ಟಾಕ್ ಟು’. ಕೊನೆಯ ‘ಟು’ ಬಿಟ್ಟರೆ ಅವರ ಜೊತೆ ನಾವು ಮಾತಾಡೋದು ಹೋಗಿ, ಅವರೇ ಮಾತಾಡೋದು ಅಂತಾಗುತ್ತೆ! ಪರೀಕ್ಷೆ ಮಾಡೋದು ಸುಲಭ. ಸುಮ್ನೆ ವಾಕ್ಯವನ್ನು ತಿರುಗಿಸಿ ಹೇಳಿ. ಮನೆ‘ಯಲ್ಲಿ’ ಇರುತ್ತೇನೆ, ಹಾಗಾದರೆ ‘ಇನ್’ ಬೇಕು. ನೀರನ್ನು ಕುಡಿಯುತ್ತೇನೆ, ನಡುವೆ ಏನೂ ಬೇಡ. ‘ವಾಟರ್ ಟು ಡ್ರಿಂಕ್’ ಅಷ್ಟೇ ಸಾಕು.

ಆಫೀಸಿಗೆ ಹೋಗುವವರು ತುಂಬಾ ಜನ ಇದ್ದೀರಿ, ನಿಮಗಾಗಿ ಇನ್ನೊಂದು ಮಾತು. ‘ವಿ ಡಿಸ್ಕಸ್ಡ್ ಅಬೌಟ್ ದ ಪ್ರಾಜೆಕ್ಟ್’ ಅಂತ ಮೇಲ್ ಬರೆಯುತ್ತೇವೆ. ಇದರ ಬೇರು ನನ್ನ ಪ್ರಕಾರ ‘ಪ್ರಾಜೆಕ್ಟ್ ಬಗ್ಗೆ ಚರ್ಚೆ ಮಾಡಿದೆವು’ ಅನ್ನೋ ಮಾತಿನಲ್ಲಿದೆ. ನಮ್ಮಲ್ಲಿ ‘ಚರ್ಚೆ’ ನಾಮಪದ, ಅದಕ್ಕೆ ‘ಬಗ್ಗೆ’ ಬೇಕೇ ಬೇಕು. ಇಂಗ್ಲಿಷಿನಲ್ಲೂ ನಾಮಪದ ಆದರೆ ಬೇಕು, ‘ಡಿಸ್ಕಷನ್ ಅಬೌಟ್ ದ ಪ್ರಾಜೆಕ್ಟ್’. ಆದರೆ ‘ಡಿಸ್ಕಸ್’ ಕ್ರಿಯಾಪದ. ಅದು ತನ್ನ ಕರ್ಮವನ್ನು ನೇರವಾಗಿ ಹಿಡಿದುಕೊಳ್ಳುತ್ತೆ, ನಡುವೆ ಸೇತುವೆ ಬೇಡ. ನಾಮಪದಕ್ಕೆ ಆ ಶಕ್ತಿ ಇಲ್ಲ, ಅದಕ್ಕೆ ಸೇತುವೆ ಬೇಕು. ‘ವಿಸಿಟೆಡ್ ಮೈಸೂರು’, ಆದರೆ ‘ಎ ವಿಸಿಟ್ ಟು ಮೈಸೂರು’. ‘ಆನ್ಸರ್ಡ್ ದ ಕ್ವೆಶ್ಚನ್’, ಆದರೆ ‘ಆನ್ಸರ್ ಟು ದ ಕ್ವೆಶ್ಚನ್’. ಕೊನೆಯ ಎರಡಕ್ಕೂ ಕನ್ನಡ ನಿಮ್ಮ ಕಡೆಗೇ ಇದೆ. ಮೈಸೂರಿಗೆ ಭೇಟಿ, ಪ್ರಶ್ನೆಗೆ ಉತ್ತರ. ‘ಗೆ’ ಇದ್ದಲ್ಲಿ ‘ಟು’.

ಒಂದು ಎಚ್ಚರಿಕೆ. ‘ಟು’ ಕಂಡ ತಕ್ಷಣ ಇನ್ಫಿನಿಟಿವ್ ಅಂದುಕೊಳ್ಳಬೇಡಿ. ‘ರೈಟ್ ಟು ವೋಟ್’ನಲ್ಲಿ ವೋಟ್ ಅನ್ನೋದನ್ನು ಕ್ರಿಯಾಪದ ಅಂತ ಓದುತ್ತೇವೆ. 2005ರ ಮಾಹಿತಿ ಹಕ್ಕು ಕಾಯ್ದೆಯ ‘ರೈಟ್ ಟು ಇನ್ಫರ್ಮೇಷನ್’ನಲ್ಲಿ ಇರೋದು ನಾಮಪದ. ಅಲ್ಲಿ ‘ಟು’ ಪ್ರಿಪೊಸಿಷನ್. ಹಾಗೆ ಪ್ರಿಪೊಸಿಷನ್ ಆಗಿರೋ ‘ಟು’ ಆದಮೇಲೆ ಕ್ರಿಯಾಪದ ಬಂದರೆ ಅದು ‘ಇಂಗ್’ ಹಾಕಿಕೊಂಡೇ ಬರಬೇಕು. ‘ಅಬ್ಜೆಕ್ಷನ್ ಟು ಪೇಯಿಂಗ್’.

ನಾವೆಲ್ಲ ಆರ್‌ಟಿಇ ಅನ್ನುವ ಕಾಯ್ದೆಯ ಪೂರ್ತಿ ಹೆಸರು ಇನ್ನೂ ಚೆಂದ. ದ ರೈಟ್ ಆಫ್ ಚಿಲ್ಡ್ರನ್ ಟು ಫ್ರೀ ಅಂಡ್ ಕಂಪಲ್ಸರಿ ಎಜುಕೇಷನ್ ಆ್ಯಕ್ಟ್, 2009. ‘ರೈಟ್’ ಒಂದೇ, ಬಾಲ ಎರಡು. ‘ಆಫ್’ ಯಾರ ಹಕ್ಕು ಅಂತ ಹೇಳುತ್ತೆ. ‘ಟು’ ಯಾವುದಕ್ಕೆ ಹಕ್ಕು ಅಂತ ಹೇಳುತ್ತೆ. ಕನ್ನಡದಲ್ಲಿ ಹೇಳಿದರೆ ‘ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು’. ‘ಹಕ್ಕು’ ಅನ್ನೋ ಪದ ಕೇಳೋಕೆ ಕೊನೆವರೆಗೂ ಕಾಯಬೇಕು. ಅವರು ನಾಮಪದ ಮೊದಲು ಇಟ್ಟು ಆಮೇಲೆ ವಿವರ ಕಟ್ಟುತ್ತಾರೆ. ನಾವು ವಿವರ ಎಲ್ಲ ಹೇಳಿ ನಾಮಪದಕ್ಕೆ ಬರುತ್ತೇವೆ.

ನನ್ನ ಮಾತು ಇಷ್ಟೇ. ಬೋರ್ಡಿನ ಮೇಲೆ ಐದು ನಾಮಪದ ಬರೆದಿದ್ದೇನೆ. ಡಿಮ್ಯಾಂಡ್, ರೀಸನ್, ಎಕ್ಸ್‌ಪೀರಿಯನ್ಸ್, ಎಬಿಲಿಟಿ, ಕೀ. ಟೀ ಕುಡಿಯುವಾಗ ಒಂದೊಂದಕ್ಕೂ ಬಾಲ ಹಚ್ಚಿ ನೋಡಿ. ಕೊನೆಯದರಿಂದಲೇ ಶುರು ಮಾಡೋಣ. ಆ ಬಾಡಿಗೆ ಮನೆ ನಿಮಗೆ ಸಿಕ್ಕಿತು, ಓನರ್ ಬೀಗದ ಕೈ ಕೊಟ್ಟರು. ‘ದ ಕೀ’ ಆದಮೇಲೆ, ‘ದ ಹೌಸ್’ಗೆ ಮುಂಚೆ, ನೀವು ಏನು ಹಾಕುತ್ತೀರಿ?