ಕೊರಿಯಾದ ಮೊದಲ ಚುನಾವಣೆ, 1948: ನೋಡಲು ಹೋದವರಿಗೆ ಎಷ್ಟು ಕಂಡಿತು?

[ಪರದೆ ಮೇಲೆ: ಉದ್ದ ಗೆರೆಗಳಿರುವ ಹಳೆಯ ಮತಪತ್ರದ ಚಿತ್ರ]

ನಮಸ್ಕಾರ. ಮೊದಲು ಈ ಗೆರೆಗಳನ್ನು ನೋಡಿ. ಮೊದಲ ಅಭ್ಯರ್ಥಿಗೆ ಒಂದು ಗೆರೆ, ಎರಡನೆಯವರಿಗೆ ಎರಡು, ಮೂರನೆಯವರಿಗೆ ಮೂರು. ಕಡ್ಡಿ ಜೋಡಿಸಿಟ್ಟ ಹಾಗಿದೆ ಅಲ್ವಾ? ಓದಲು ಬಾರದವರು ಕೂಡ ಗೆರೆ ಎಣಿಸಿ ವೋಟು ಹಾಕಲಿ ಅಂತ ಈ ಏರ್ಪಾಡು. ನಮ್ಮಲ್ಲಿ 1951-52ರ ಚುನಾವಣೆಗೆ ಜೋಡೆತ್ತು, ಗುಡಿಸಲು ಅಂತ ಚಿಹ್ನೆಗಳು ಬಂದವಲ್ಲ, ಅದೇ ಕಾರಣಕ್ಕೆ.

ಇದು 1948ರ ಮೇ 10, ಸೋಮವಾರ, ದಕ್ಷಿಣ ಕೊರಿಯಾದಲ್ಲಿ ನಡೆದ ಚುನಾವಣೆಯದು. ಕೊರಿಯಾದ ಜನ ತಮ್ಮ ಇತಿಹಾಸದಲ್ಲೇ ಮೊದಲ ಸಲ ಗಂಡಸರು, ಹೆಂಗಸರು ಅನ್ನದೆ ಎಲ್ಲರೂ ಸೇರಿ ರಾಷ್ಟ್ರೀಯ ಸಭೆಯನ್ನು ಆರಿಸಿದ ದಿನ. ನೋಡಿಕೊಳ್ಳಲು ವಿಶ್ವಸಂಸ್ಥೆಯ ಆಯೋಗ ಬಂದಿತ್ತು. ಆ ಆಯೋಗ ಶುರುವಾದಾಗ ಅದರ ಅಧ್ಯಕ್ಷರಾಗಿದ್ದವರು ಒಬ್ಬ ಭಾರತೀಯರು, ಕೆ.ಪಿ.ಎಸ್. ಮೆನನ್. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಐದು ತಿಂಗಳು. ನಾವೇ ಇನ್ನೂ ಎಲ್ಲರಿಗೂ ವೋಟು ಕೊಟ್ಟು ಒಂದು ಚುನಾವಣೆ ಮಾಡಿರಲಿಲ್ಲ.

ಬೇರೆ ದೇಶದವರು ಬಂದು ನೋಡಿದರೆ ಚುನಾವಣೆ ಸರಿಯಾಗಿ ಆಗುತ್ತದೆ ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೊರಿಯಾದ ಈ ಕಥೆ ಓದಿದ ಮೇಲೆ ನನಗೆ ಬೇರೆ ಪ್ರಶ್ನೆ ಹುಟ್ಟಿತು. ಅವರನ್ನು ಎಲ್ಲಿಗೆ ಬಿಟ್ಟರು? ಎಲ್ಲಿಗೆ ಬಿಡಲಿಲ್ಲ?

[ಪರದೆ ಮೇಲೆ: ಕೊರಿಯಾದ ನಕ್ಷೆ, ನಡುವೆ 38ನೇ ಅಕ್ಷಾಂಶದ ಗೆರೆ]

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1910ರಿಂದ ಕೊರಿಯಾ ಜಪಾನಿನ ಕೈಯಲ್ಲಿತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲುವ ಹೊತ್ತಿಗೆ ಸೋವಿಯತ್ ಸೇನೆ ಉತ್ತರದಿಂದ ಒಳಗೆ ಬರುತ್ತಿತ್ತು. ವಾಷಿಂಗ್ಟನ್‌ನಲ್ಲಿ ಒಂದು ರಾತ್ರಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳಿಗೆ, ಎಲ್ಲಿ ಗೆರೆ ಎಳೆಯಬಹುದು ನೋಡಿ ಅಂದರು. ಅರ್ಧ ಗಂಟೆ ಸಮಯ. ರಾಜಧಾನಿ ಸಿಯೋಲ್ ಅಮೆರಿಕದ ಕಡೆ ಉಳಿಯಬೇಕು ಅನ್ನುವ ಲೆಕ್ಕದಲ್ಲಿ ಅವರು 38ನೇ ಅಕ್ಷಾಂಶ ತೋರಿಸಿದರು. ಜಪಾನಿ ಸೈನಿಕರ ಶರಣಾಗತಿಯನ್ನು ಮೇಲೆ ಯಾರು, ಕೆಳಗೆ ಯಾರು ಸ್ವೀಕರಿಸಬೇಕು ಅಂತ ಹಂಚಿಕೊಳ್ಳಲು ಎಳೆದ ಗೆರೆ ಅದು, ಅಷ್ಟೇ. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ.

ಆಮೇಲೆ ಎರಡು ವರ್ಷ ಅಮೆರಿಕ, ಸೋವಿಯತ್ ಇಬ್ಬರೂ ಕೂತು ಮಾತಾಡಿದರು, ಬಗೆಹರಿಯಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಈ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ಇಬ್ಬರೂ ಸೇನೆ ವಾಪಸ್ ಕರೆಸೋಣ, ಕೊರಿಯಾದವರೇ ತೀರ್ಮಾನ ಮಾಡಿಕೊಳ್ಳಲಿ ಅಂತ ಸೋವಿಯತ್ ಹೇಳಿತು. ಕೊನೆಗೆ ನವೆಂಬರ್ 14ರಂದು ಮಹಾಸಭೆ ಒಂದು ನಿರ್ಣಯ ಮಾಡಿತು: ಇಡೀ ಕೊರಿಯಾದಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನಗಳಿಗೆ ಗುಟ್ಟಿನ ಮತದಾನದಿಂದ ಚುನಾವಣೆ ಆಗಲಿ, ಒಂದು ಆಯೋಗ ಹೋಗಿ ನೋಡಲಿ, ಸರ್ಕಾರ ರಚನೆಯಾದ ಮೇಲೆ ಸೇನೆಗಳು ಹೊರಡಲಿ.

ಇಲ್ಲಿ ಒಂದು ಲೆಕ್ಕ ಗಮನಿಸಿ. ಕೊರಿಯಾದ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದಕ್ಷಿಣದಲ್ಲಿದ್ದರು. ತಲೆ ಎಣಿಸಿ ಸ್ಥಾನ ಕೊಟ್ಟರೆ ಬಹುಮತ ಯಾವ ಕಡೆಗೆ ಅಂತ ಚುನಾವಣೆಗೆ ಮೊದಲೇ ಎಲ್ಲರಿಗೂ ಗೊತ್ತಿತ್ತು. ಉತ್ತರ ಯಾಕೆ ಬಾಗಿಲು ಹಾಕಿಕೊಂಡಿತು ಅನ್ನುವುದಕ್ಕೆ ಇದೂ ಒಂದು ಕಾರಣ.

ಆಯೋಗಕ್ಕೆ ಒಂಬತ್ತು ದೇಶಗಳನ್ನು ಹೆಸರಿಸಿದ್ದರು: ಆಸ್ಟ್ರೇಲಿಯಾ, ಕೆನಡಾ, ಚೀನಾ, ಎಲ್ ಸಾಲ್ವಡಾರ್, ಫ್ರಾನ್ಸ್, ಭಾರತ, ಫಿಲಿಪೀನ್ಸ್, ಸಿರಿಯಾ, ಮತ್ತೆ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಕ್ರೇನ್. ಉಕ್ರೇನ್ ಬರುವುದೇ ಇಲ್ಲ ಅಂದಿತು. ಉಳಿದ ಎಂಟು ದೇಶಗಳವರು 1948ರ ಜನವರಿ 12ರಂದು ಸಿಯೋಲ್‌ನಲ್ಲಿ ಮೊದಲ ಸಭೆ ಸೇರಿದರು. ಚಳಿಗಾಲ. ಜನ ದೊಡ್ಡದಾಗಿ ಸ್ವಾಗತ ಮಾಡಿದರು. ಅದೇ ತಿಂಗಳ ಕೊನೆಗೆ ದೆಹಲಿಯಲ್ಲಿ ಗಾಂಧೀಜಿಯ ಕೊಲೆಯಾಯಿತು. ಮೆನನ್ ಅವರ ಸ್ವಂತ ದೇಶ ಎರಡು ಭಾಗವಾಗಿ ಐದು ತಿಂಗಳಾಗಿತ್ತು, ಅವರು ಕೂತಿದ್ದದ್ದು ಇನ್ನೊಂದು ದೇಶ ಎರಡಾಗದ ಹಾಗೆ ನೋಡಿಕೊಳ್ಳಲು. ನನಗೆ ಈ ಭಾಗ ಓದುವಾಗ ಪ್ರತಿ ಸಲ ಸ್ವಲ್ಪ ಹೊತ್ತು ಪುಟ ತಿರುವಲು ಆಗುವುದಿಲ್ಲ.

ಆಯೋಗ ಉತ್ತರದ ಸೋವಿಯತ್ ಸೇನಾಧಿಕಾರಿಯನ್ನು ಭೇಟಿ ಮಾಡಲು ಕೇಳಿತು. ಆಗಲಿಲ್ಲ. ನ್ಯೂಯಾರ್ಕ್‌ನಲ್ಲಿ ಸೋವಿಯತ್ ಪ್ರತಿನಿಧಿ ಆಂದ್ರೇ ಗ್ರೊಮಿಕೊ ಅವರಿಂದಲೂ ಆಗದು ಅಂತಲೇ ಉತ್ತರ ಬಂತು. ಅಲ್ಲಿಗೆ 38ನೇ ಅಕ್ಷಾಂಶದಿಂದ ಮೇಲೆ ಕಾಲಿಡುವ ದಾರಿ ಮುಚ್ಚಿತು.

[ಪರದೆ ಮೇಲೆ: ನಕ್ಷೆಯ ಮೇಲಿನ ಅರ್ಧ ಕಪ್ಪಾಗುತ್ತದೆ]

ಈಗ ಏನು ಮಾಡುವುದು? ಇಡೀ ದೇಶದ ಚುನಾವಣೆ ನೋಡಲು ಬಂದವರು ಅರ್ಧ ದೇಶದ ಚುನಾವಣೆ ನೋಡಿಬಿಟ್ಟರೆ, ಗೆರೆಯನ್ನು ನಾವೇ ಗಟ್ಟಿ ಮಾಡಿದ ಹಾಗೆ ಆಗುವುದಿಲ್ಲವೇ? ಆಯೋಗದ ಒಳಗೇ ಈ ಅನುಮಾನ ಜೋರಾಗಿತ್ತು. ಫೆಬ್ರವರಿ 19ರಂದು ಮೆನನ್ ನ್ಯೂಯಾರ್ಕ್‌ಗೆ ಹೋಗಿ ಮಹಾಸಭೆಯ ಮಧ್ಯಂತರ ಸಮಿತಿಯ ಮುಂದೆ ದಾರಿಗಳನ್ನು ಇಟ್ಟರು. ದಕ್ಷಿಣದಲ್ಲಿ ಮಾತ್ರ ಚುನಾವಣೆ ಮಾಡುವುದು ಒಂದು. ಸರ್ಕಾರಕ್ಕಾಗಿ ಅಲ್ಲ, ಮುಂದಿನ ಮಾತುಕತೆಗೆ ಪ್ರತಿನಿಧಿಗಳು ಬೇಕು ಅಂತ ಚುನಾವಣೆ ಮಾಡುವುದು ಇನ್ನೊಂದು. ಉತ್ತರ ದಕ್ಷಿಣ ಎರಡೂ ಕಡೆಯ ನಾಯಕರನ್ನು ಕೂರಿಸಿ ಮಾತಾಡಿಸುವ ಹಾದಿ ಹುಡುಕುವುದು ಮತ್ತೊಂದು.

ಫೆಬ್ರವರಿ 26ರಂದು ವೋಟಿಗೆ ಹಾಕಿದರು. ಪರ 31, ವಿರೋಧ 2, ತಟಸ್ಥ 11. "ಆಯೋಗ ಹೋಗಲು ಸಾಧ್ಯವಿರುವ ಭಾಗಗಳಲ್ಲಿ" ಚುನಾವಣೆ ನಡೆಸಬಹುದು ಅಂತ ತೀರ್ಮಾನ. ವಿರೋಧಿಸಿದ್ದು ಯಾರು ಗೊತ್ತಾ? ಸೋವಿಯತ್ ಬಣ ಆ ಸಮಿತಿಯನ್ನೇ ಬಹಿಷ್ಕರಿಸಿತ್ತು, ಹಾಗಾಗಿ ಅವರಲ್ಲ. ಆಯೋಗದಲ್ಲೇ ಇದ್ದ ಕೆನಡಾ ಮತ್ತು ಆಸ್ಟ್ರೇಲಿಯಾ. ಅಮೆರಿಕದ ಆಪ್ತ ದೇಶಗಳು. ಭಾರತ ಪರವಾಗಿ ವೋಟು ಹಾಕಿತು. ಆಮೇಲೆ ಸಿಯೋಲ್‌ನಲ್ಲಿ ಆಯೋಗದ ಒಳಗೂ ವೋಟು ಆಯಿತು. ನಾಲ್ವರು ಪರ, ಅದೇ ಇಬ್ಬರು ವಿರೋಧ, ಫ್ರಾನ್ಸ್ ಮತ್ತು ಸಿರಿಯಾ ತಟಸ್ಥ. ಎಂಟರಲ್ಲಿ ನಾಲ್ಕು. ಅಷ್ಟು ತೆಳ್ಳಗಿನ ಒಪ್ಪಿಗೆ ಮೇಲೆ ಒಂದು ದೇಶದ ಹುಟ್ಟು ನಿಂತಿತ್ತು.

ಮೆನನ್ ಮುಂದೆ ತಮ್ಮ ನೆನಪುಗಳಲ್ಲಿ, ಈ ವಿಷಯದಲ್ಲಿ ತಮ್ಮ ಬುದ್ಧಿಯ ಮಾತನ್ನು ಹೃದಯ ಮೀರಿತು ಅನ್ನುವ ಅರ್ಥದಲ್ಲಿ ಬರೆದುಕೊಂಡಿದ್ದಾರೆ. ಸಿಯೋಲ್‌ನಲ್ಲಿ ಮೋ ಯುನ್-ಸುಕ್ ಎಂಬ ಕವಯಿತ್ರಿಯ ಸ್ನೇಹವಾಗಿತ್ತು, ಆಕೆ ದಕ್ಷಿಣದಲ್ಲಿ ಬೇಗ ಸರ್ಕಾರ ಆಗಬೇಕು ಅನ್ನುತ್ತಿದ್ದ ಅಲ್ಲಿನ ನಾಯಕ ಸಿಂಗ್‌ಮನ್ ರೀ ಅವರ ಪರ. ತಾನು ಹಾಗೆ ಮಾಡಿದೆ ಅಂತ ಸ್ವತಃ ಬರೆದಿಟ್ಟ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೂ ನನ್ನ ಮನಸ್ಸು ಕೆನಡಾ, ಆಸ್ಟ್ರೇಲಿಯಾದ ಪ್ರತಿನಿಧಿಗಳ ಕಡೆಗೇ ಹೋಗುತ್ತದೆ.

ಸರಿ, ತಯಾರಿ ಶುರುವಾಯಿತು. ಚುನಾವಣೆ ನಡೆಸುವುದು ಅಮೆರಿಕದ ಸೇನಾ ಆಡಳಿತ, ಅದರ ಮುಖ್ಯಸ್ಥರು ಜನರಲ್ ಜಾನ್ ಹಾಜ್. ಆಯೋಗದ ಕೆಲಸ ನೋಡುವುದು, ಸಲಹೆ ಕೊಡುವುದು. ಮೊದಲು ಮೇ 9 ಅಂತ ಗೊತ್ತಾಗಿತ್ತು, ಅದು ಭಾನುವಾರ, ಚರ್ಚಿಗೆ ಹೋಗುವ ದಿನ ಅಂತ ಕ್ರೈಸ್ತರು ಆಕ್ಷೇಪ ಎತ್ತಿದರು, ಅದೇ ದಿನ ಸೂರ್ಯಗ್ರಹಣ ಬೇರೆ ಇತ್ತು, ಹಾಗಾಗಿ ಒಂದು ದಿನ ಮುಂದೆ ಹಾಕಿದರು.

ಆಯೋಗದಿಂದ ಒಳ್ಳೆಯದೂ ಆಯಿತು, ಅದನ್ನು ಮರೆಮಾಚಬಾರದು. ಸುಮ್ನೆ ಹೋಗಿ ಕೂರಲಿಲ್ಲ ಅವರು. ಜನರ ಹಕ್ಕುಗಳ ಬಗ್ಗೆ ಒಂದು ಆದೇಶ ಹೊರಬರುವ ಹಾಗೆ, ಮೂರು ಸಾವಿರಕ್ಕೂ ಜಾಸ್ತಿ ರಾಜಕೀಯ ಕೈದಿಗಳಿಗೆ ಕ್ಷಮೆ ಸಿಗುವ ಹಾಗೆ ಒತ್ತಡ ತಂದರು. 21 ದಾಟಿದ ಹೆಂಗಸರು, ಗಂಡಸರು ಎಲ್ಲರಿಗೂ ವೋಟು ಇತ್ತು.

ಆದರೆ ಊರಿನೊಳಗೆ ಏನಾಗುತ್ತಿತ್ತು? ಪೊಲೀಸರಿಗೆ ನೆರವು ಅಂತ ಹ್ಯಾಂಗ್‌ಬೊದಾನ್ ಎಂಬ ಸ್ಥಳೀಯ ಕಾವಲು ದಳಗಳನ್ನು ಕಟ್ಟಿದ್ದರು. ಹೆಸರು ನೋಂದಾಯಿಸದಿದ್ದರೆ ಅಕ್ಕಿಯ ಪಡಿತರ ಚೀಟಿ ಕಿತ್ತುಕೊಳ್ಳುತ್ತಾರೆ ಅಂತ ದೂರುಗಳು ಬಂದವು. ಇದನ್ನು ನಮ್ಮ ಕಣ್ಣಲ್ಲಿ ನೋಡೋಣ. ಮನೆಯಲ್ಲಿ ಅಕ್ಕಿ ಇಲ್ಲ. ಬಾಗಿಲಿಗೆ ಊರಿನವರೇ ಕೆಲವರು ಪೊಲೀಸರ ಬೆಂಬಲದೊಂದಿಗೆ ಬಂದು, ಹೆಸರು ಬರೆಸಿದ್ದೀರಾ ಅಂತ ಕೇಳುತ್ತಾರೆ. ನೀವು ಬರೆಸುತ್ತೀರಿ. ಮತಗಟ್ಟೆಯಲ್ಲಿ ಪರದೆ ಇದೆ, ಪೆಟ್ಟಿಗೆಗೆ ಬೀಗ ಇದೆ, ಗುಟ್ಟು ಗುಟ್ಟಾಗೇ ಉಳಿಯುತ್ತದೆ. ವೀಕ್ಷಕರಿಗೆ ಕಾಣುವುದು ಆ ಪರದೆ, ಆ ಬೀಗ. ಮನೆ ಬಾಗಿಲಲ್ಲಿ ಆದ ಮಾತು ಅವರಿಗೆ ಕಾಣುವುದಿಲ್ಲ. ಅದೂ ಸಿಬ್ಬಂದಿ ಎಲ್ಲ ಸೇರಿಸಿದರೂ ಕೆಲವೇ ಡಜನ್ ಜನ, ಪಟ್ಟಿಯಲ್ಲಿ ಸುಮಾರು 78 ಲಕ್ಷ ಮತದಾರರು. ಜೀಪಿನಲ್ಲಿ ಹೋಗಿ ಇಳಿದ ಊರು ನೋಡಿದರು, ಇಳಿಯದ ಊರು ಬಿಟ್ಟರು.

ಬಹಿಷ್ಕಾರವೂ ನಡೆಯಿತು. ಎಡಪಕ್ಷದವರು ಮಾತ್ರ ಅಲ್ಲ. ಜಪಾನಿನ ವಿರುದ್ಧ ಜೀವನವಿಡೀ ಹೋರಾಡಿದ, ಕಮ್ಯುನಿಸ್ಟರನ್ನು ಕಂಡರೆ ಆಗದ ಕಿಮ್ ಗೂ ಕೂಡ, ದೇಶ ಎರಡಾಗುವ ಚುನಾವಣೆ ನನಗೆ ಬೇಡ ಅಂದರು. ಅವರೂ, ದಕ್ಷಿಣದ ಇನ್ನೊಬ್ಬ ನಾಯಕ ಕಿಮ್ ಕ್ಯು-ಸಿಕ್ ಕೂಡ ಏಪ್ರಿಲ್‌ನಲ್ಲಿ ಗೆರೆ ದಾಟಿ ಪ್ಯೊಂಗ್ಯಾಂಗ್‌ಗೆ ಹೋಗಿ ಉತ್ತರದ ನಾಯಕರ ಜೊತೆ ಕೂತು ಬಂದರು. ಫಲ ಸಿಗಲಿಲ್ಲ. ಮರು ವರ್ಷ ಜೂನ್ 26ರಂದು ಸಿಯೋಲ್‌ನಲ್ಲಿ ಒಬ್ಬ ಸೇನಾಧಿಕಾರಿ ಕಿಮ್ ಗೂ ಅವರನ್ನು ಗುಂಡಿಕ್ಕಿ ಕೊಂದ.

[ಪರದೆ ಮೇಲೆ: ಜೆಜು ದ್ವೀಪ, ನಡುವೆ ಹಲ್ಲಾಸಾನ್ ಬೆಟ್ಟ]

ಈಗ ಜೆಜು. ದಕ್ಷಿಣದ ತುದಿಯಲ್ಲಿರುವ ದ್ವೀಪ, ಇವತ್ತು ಮದುವೆಯಾದವರು ಸುತ್ತಾಡಲು ಹೋಗುವ ಜಾಗ. 1948ರ ಏಪ್ರಿಲ್ 3ರಂದು ಅಲ್ಲಿ ಪೊಲೀಸ್ ಠಾಣೆಗಳ ಮೇಲೆ ದಾಳಿಯಾಗಿ ದಂಗೆ ಶುರುವಾಯಿತು. ಪೊಲೀಸರ ದಬ್ಬಾಳಿಕೆ ಮತ್ತು ಬರಲಿದ್ದ ಈ ಚುನಾವಣೆ, ಎರಡೂ ಅದರ ಹಿಂದಿದ್ದವು. ಮತದಾನದ ದಿನ ಹತ್ತಿರ ಬಂದಾಗ ಊರಿಗೆ ಊರೇ ಮನೆ ಬಿಟ್ಟು ಬೆಟ್ಟದ ಕಡೆ ಹೋಯಿತು. ಮೂರು ಕ್ಷೇತ್ರಗಳಲ್ಲಿ ಎರಡರಲ್ಲಿ ಸಾಕಷ್ಟು ವೋಟು ಬೀಳಲೇ ಇಲ್ಲ, ಆ ಚುನಾವಣೆ ರದ್ದಾಯಿತು. ಹಾಗಾಗಿ 200 ಸ್ಥಾನಗಳಲ್ಲಿ 198 ಮಾತ್ರ ಭರ್ತಿ.

ಅದಕ್ಕೆ ದ್ವೀಪ ತೆತ್ತ ಬೆಲೆ ಹೇಳಲೇಬೇಕು. ಮುಂದಿನ ವರ್ಷಗಳಲ್ಲಿ ಸೇನೆ, ಪೊಲೀಸ್ ಮತ್ತು ಬಲಪಂಥೀಯ ಯುವಕರ ಗುಂಪುಗಳು ಬೆಟ್ಟದ ತಪ್ಪಲಿನ ಊರುಗಳನ್ನು ಸುಟ್ಟವು. ದಕ್ಷಿಣ ಕೊರಿಯಾ ಸರ್ಕಾರದ್ದೇ 2003ರ ತನಿಖಾ ವರದಿ ಸತ್ತವರನ್ನು 25,000ದಿಂದ 30,000 ಅಂತ ಅಂದಾಜು ಮಾಡಿತು. ದ್ವೀಪದ ಹತ್ತು ಜನರಲ್ಲಿ ಒಬ್ಬರು. ಆ ವರ್ಷ ರಾಷ್ಟ್ರಪತಿ ರೋ ಮು-ಹ್ಯುನ್ ಕ್ಷಮೆ ಕೇಳಿದರು. 55 ವರ್ಷ ಆದಮೇಲೆ.

ಉಳಿದ ಕಡೆ ಮೇ 10ರಂದು ಜನ ಬೆಳಗ್ಗೆಯೇ ಸಾಲು ನಿಂತರು. ಹೆಸರು ಬರೆಸಿದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ವೋಟು ಹಾಕಿದರು. ಎಲ್ಲರೂ ಹೆದರಿಕೊಂಡೇ ಬಂದರು ಅಂದರೆ ಅದು ಆ ಜನರಿಗೆ ಮಾಡುವ ಅನ್ಯಾಯ. 35 ವರ್ಷ ಬೇರೆಯವರ ಆಳ್ವಿಕೆ ಕಂಡವರಿಗೆ ಆ ಕಾಗದದ ಬೆಲೆ ಗೊತ್ತಿತ್ತು. ಫಲಿತಾಂಶದಲ್ಲೂ ಅದು ಕಾಣುತ್ತದೆ: ರೀ ಅವರ ಸಂಘಟನೆಗೆ 55 ಸ್ಥಾನ, ಕೊರಿಯಾ ಡೆಮಾಕ್ರಟಿಕ್ ಪಕ್ಷಕ್ಕೆ 29, ಪಕ್ಷೇತರರಿಗೆ 85. ಪೊಲೀಸರ ಬಲ ಇದ್ದವರಿಗಿಂತ ಜಾಸ್ತಿ ಸ್ಥಾನ ಯಾವ ಪಕ್ಷವೂ ಇಲ್ಲದವರಿಗೆ. ಉತ್ತರದವರಿಗೆ ಅಂತ ಇನ್ನೂ 100 ಸ್ಥಾನ ಖಾಲಿ ಇಟ್ಟಿದ್ದರು. ನಾಲ್ಕು ದಿನದ ನಂತರ, ಮೇ 14ರಂದು, ಉತ್ತರದ ಉತ್ತರ ಬಂತು. ದಕ್ಷಿಣಕ್ಕೆ ಬರುತ್ತಿದ್ದ ಕರೆಂಟು ನಿಲ್ಲಿಸಿದರು.

ಜೂನ್ 25ರಂದು ಆಯೋಗ ತನ್ನ ಮಾತು ಹೇಳಿತು. ಇದು ಮತದಾರರ ಸ್ವತಂತ್ರ ಇಚ್ಛೆಯ ಸರಿಯಾದ ಅಭಿವ್ಯಕ್ತಿ, ಕೊರಿಯಾದಲ್ಲಿ ಆಯೋಗ ಹೋಗಲು ಸಾಧ್ಯವಾದ ಭಾಗಗಳಲ್ಲಿ, ಅಲ್ಲಿರುವುದು ಇಡೀ ಕೊರಿಯಾದ ಸುಮಾರು ಮೂರರಲ್ಲಿ ಎರಡು ಪಾಲು ಜನ. ಆ ವಾಕ್ಯದ ಎರಡನೇ ಅರ್ಧ ನೋಡಿ. ಜಗಳ ಇದ್ದದ್ದೆಲ್ಲ ಅದರಲ್ಲಿದೆ. ಆಗಸ್ಟ್ 15ಕ್ಕೆ ದಕ್ಷಿಣದಲ್ಲಿ ಗಣರಾಜ್ಯ, ಸೆಪ್ಟೆಂಬರ್ 9ಕ್ಕೆ ಉತ್ತರದಲ್ಲಿ ಇನ್ನೊಂದು. ಡಿಸೆಂಬರ್ 12ರಂದು ಮಹಾಸಭೆ ದಕ್ಷಿಣದ ಸರ್ಕಾರವನ್ನು ಒಪ್ಪಿದಾಗಲೂ ಎಚ್ಚರಿಕೆಯಿಂದಲೇ ಬರೆಯಿತು: ಆಯೋಗ ನೋಡಲು ಸಾಧ್ಯವಾದ ಭಾಗದ ಮೇಲೆ ಹಿಡಿತ ಇರುವ ಕಾನೂನುಬದ್ಧ ಸರ್ಕಾರ, ಕೊರಿಯಾದಲ್ಲಿ ಅಂಥದ್ದು ಇದೊಂದೇ ಅಂತ. ಸಿಯೋಲ್ ಅದನ್ನು ಇಡೀ ಕೊರಿಯಾಕ್ಕೆ ಇದೊಂದೇ ಸರ್ಕಾರ ಅಂತ ಓದಿಕೊಂಡಿತು. ಪ್ಯೊಂಗ್ಯಾಂಗ್ ಇಡೀ ಕಾಗದವನ್ನೇ ತಳ್ಳಿಹಾಕಿತು.

1950ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಇಬ್ಬರು ಆಸ್ಟ್ರೇಲಿಯನ್ ವೀಕ್ಷಕರು ಗೆರೆಯ ದಕ್ಷಿಣ ಬದಿಯಲ್ಲಿ ಎರಡು ವಾರ ಓಡಾಡಿ, ದಕ್ಷಿಣದ ಸೇನೆ ರಕ್ಷಣೆಗೆ ನಿಂತಿದೆ, ದಾಳಿಗೆ ಅಲ್ಲ ಅಂತ ವರದಿ ಬರೆದರು. ಆಚೆ ಬದಿಯಲ್ಲಿ ಏನು ಜಮಾಯಿಸುತ್ತಿದೆ ಅಂತ ಹೋಗಿ ನೋಡಲು ಅವರಿಗೂ ಆಗಲಿಲ್ಲ. ಜೂನ್ 25ಕ್ಕೆ ಉತ್ತರದ ಸೇನೆ ಗೆರೆ ದಾಟಿತು. ಮೂರು ವರ್ಷ ಯುದ್ಧ.

ಯುದ್ಧ ನಿಂತಾಗ ಮತ್ತೆ ಒಬ್ಬ ಭಾರತೀಯರನ್ನೇ ಕರೆದರು, ಈ ಸಲ ನಮ್ಮ ಮಡಿಕೇರಿಯವರು, ಜನರಲ್ ಕೆ.ಎಸ್. ತಿಮ್ಮಯ್ಯ. ಊರಿಗೆ ವಾಪಸ್ ಹೋಗಲು ಒಲ್ಲೆ ಅಂದ 22,000ಕ್ಕೂ ಹೆಚ್ಚು ಕೊರಿಯನ್, ಚೀನೀ ಯುದ್ಧಕೈದಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ನಿನಗೆ ಯಾವ ಕಡೆ ಬೇಕು ಅಂತ ಕೇಳುವ ತಟಸ್ಥ ಆಯೋಗಕ್ಕೆ ಅವರು ಅಧ್ಯಕ್ಷರು. ಅಲ್ಲೂ ಶಿಬಿರದ ಒಳಗೆ ಗುಂಪುಗಳ ಹಿಡಿತ, ಬಾಯಿ ಬಿಟ್ಟರೆ ಪಕ್ಕದವನೇ ಹೊಡೆಯುವ ಭಯ. ಹೆಚ್ಚಿನವರು ಆ ಪ್ರಶ್ನೆ ಕೇಳುವ ಡೇರೆಯ ತನಕ ಬರಲೇ ಇಲ್ಲ. 88 ಜನ ಮಾತ್ರ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾ, ತೈವಾನ್ ಯಾವುದೂ ಬೇಡ ಅಂದರು. 1954ರಲ್ಲಿ ಅವರು ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಮದ್ರಾಸಿನಲ್ಲಿ ಬಂದು ಇಳಿದರು.